ಲೈನಿಲ್ಲದ ಮನೆಗೆ ನಾವೇ ಮೆಸ್ಕಾಂ: ಆಫ್-ಗ್ರಿಡ್ ಸೋಲಾರ್ ಟಿಪ್ಪಣಿ

ತೀರ್ಥಹಳ್ಳಿ ಕಡೆ ನಮ್ಮ ದೊಡ್ಡಪ್ಪನ ತೋಟದ ಮನೆಗೆ ಕರೆಂಟಿನ ಕಂಬ ಹೋಗಿಲ್ಲ. ಹತ್ತಿರದ ಕಂಬಕ್ಕೆ ಹೋಗಬೇಕೆಂದರೆ ಒಂದು ಹಳ್ಳ, ಒಂದು ಗುಡ್ಡ ದಾಟಬೇಕು. ಅಲ್ಲಿಗೆ ಸೋಲಾರ್ ಹಾಕಿಸುವಾಗ ನಾನು ಬರೆದಿಟ್ಟುಕೊಂಡದ್ದು ಈ ಟಿಪ್ಪಣಿ. ನಾನು ಎಲೆಕ್ಟ್ರಿಶಿಯನ್ ಅಲ್ಲ, ನಿಮ್ಮ ಹಾಗೇ ಕಲಿಯುತ್ತಿರುವವನು. 230 ವೋಲ್ಟಿನ ವಯರಿಂಗ್ ಮಾಡಿದ್ದು ಲೈಸೆನ್ಸ್ ಇರುವವರೇ. ನೀವೂ ಹಾಗೇ ಮಾಡಿಸಿ.

ಪೇಟೆ ಮನೆಯಲ್ಲಿ ಮೀಟರ್ ಬೋರ್ಡಿನ ಆಚೆ ಏನಿದೆ ಎಂದು ನಾವು ಯೋಚಿಸುವುದೇ ಇಲ್ಲ. ಟ್ರಾನ್ಸ್‌ಫಾರ್ಮರ್ ಹತ್ತಿರ ಫ್ಯೂಸ್ ಇರುತ್ತದೆ. ಅಲ್ಲೇ ನ್ಯೂಟ್ರಲ್ಲನ್ನು (ಕರೆಂಟು ವಾಪಸ್ ಹೋಗುವ ವಯರನ್ನು) ಭೂಮಿಗೆ ಕಟ್ಟಿರುತ್ತಾರೆ. ಮಿಕ್ಸಿ ಜೊತೆ ಗೀಸರ್ ಹಾಕಿದರೂ ಕರೆಂಟು ಬರುತ್ತಲೇ ಇರುತ್ತದೆ. ಆಫ್-ಗ್ರಿಡ್ ಮನೆಯಲ್ಲಿ ಕರೆಂಟು ಕಂಪನಿ ಮೆಸ್ಕಾಂ ಮಾಡುವ ಈ ಮೂರೂ ಕೆಲಸ ನಮ್ಮ ತಲೆಗೇ. ನಾನು ಓದಿದ್ದರಲ್ಲಿ ಕಷ್ಟ ಅನ್ನಿಸಿದ್ದೆಲ್ಲ ಈ ಮೂರರಲ್ಲಿ ಒಂದಕ್ಕೆ ಬಂದು ನಿಂತಿತು.

ಮೊದಲು ಖರ್ಚಿನ ಲೆಕ್ಕ

ಪ್ಯಾನೆಲ್ ಎಷ್ಟು ವ್ಯಾಟಿನದು ಬೇಕು ಎಂದು ಕೇಳುವ ಮೊದಲು ದಿನಕ್ಕೆ ಎಷ್ಟು ವ್ಯಾಟ್-ಅವರ್ ಖರ್ಚಾಗುತ್ತದೆ ಎಂದು ಬರೆಯಬೇಕು. ದೊಡ್ಡಪ್ಪನ ಮನೆಯದು ಹೀಗಿತ್ತು. 9 ವ್ಯಾಟಿನ ಎಲ್‌ಇಡಿ ಬಲ್ಬು 6, ದಿನಕ್ಕೆ 5 ತಾಸು: 270. ಬಿಎಲ್‌ಡಿಸಿ (ಕಡಿಮೆ ಕರೆಂಟಿನ) ಫ್ಯಾನು 30 ವ್ಯಾಟ್, 8 ತಾಸು: 240. ಟಿವಿ 50 ವ್ಯಾಟ್, 3 ತಾಸು: 150. 750 ವ್ಯಾಟಿನ ಮಿಕ್ಸಿ ದಿನಕ್ಕೆ ಹತ್ತು ನಿಮಿಷ ತಿರುಗಿದರೆ 125. ಮೊಬೈಲುಗಳಿಗೆ 45. ಒಟ್ಟು 830.

ಇಷ್ಟಕ್ಕೇ ಲೆಕ್ಕ ಮುಗಿಯಿತು ಎಂದುಕೊಂಡಿದ್ದೆ. ಬ್ಯಾಟರಿಯ ಡಿಸಿ ಕರೆಂಟನ್ನು 230 ವೋಲ್ಟ್ ಎಸಿ ಮಾಡುವ ಇನ್ವರ್ಟರ್ ಸುಮ್ನೆ ಆನ್ ಇದ್ದರೂ ಕರೆಂಟು ತಿನ್ನುತ್ತದೆ ಎಂಬುದು ಆಮೇಲೆ ಗೊತ್ತಾಯಿತು. 20 ವ್ಯಾಟ್ ತಿಂದರೆ 24 ತಾಸಿಗೆ 480. ಮನೆಯ ಬಲ್ಬುಗಳಿಗಿಂತ ಇದರ ಊಟವೇ ಜಾಸ್ತಿ! ಇಡೀ ದಿನ ಆನ್ ಇಟ್ಟರೆ ಖರ್ಚು 1,310 ಆಗುತ್ತದೆ.

ಬೆಂಗಳೂರಿನ ಸೋಲಾರ್ ಕಂಪನಿ ಸೆಲ್ಕೊ 1995ರಲ್ಲಿ ಶುರುವಾಯಿತು. ಅದರ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆಗಿನ ಕಾಲದ ಹಳ್ಳಿ ಮನೆಗಳ ಸಣ್ಣ ಸೋಲಾರ್‌ನಲ್ಲಿ ಸಾಮಾನ್ಯವಾಗಿ ಇನ್ವರ್ಟರೇ ಇರುತ್ತಿರಲಿಲ್ಲ. 12 ವೋಲ್ಟ್ ಡಿಸಿ ದೀಪಗಳು ನೇರವಾಗಿ ಬ್ಯಾಟರಿಯಿಂದ ಉರಿಯುತ್ತಿದ್ದವು. ಹಳೇ ಕಾಲದ್ದು ಎಂದು ನಾನು ನಕ್ಕಿದ್ದೆ. ಲೆಕ್ಕ ಹಾಕಿದ ಮೇಲೆ ನಗು ನಿಂತಿತು. ಈಗ ದೊಡ್ಡಪ್ಪನ ಮನೆಯಲ್ಲೂ ಎರಡು ದೀಪ ಡಿಸಿಯಲ್ಲೇ ಇವೆ, ರಾತ್ರಿ ಮಲಗುವಾಗ ಇನ್ವರ್ಟರ್ ಆಫ್.

ಬ್ಯಾಟರಿ: 12 ವೋಲ್ಟ್ 150 ಆಂಪ್-ಅವರ್ ಎಂದರೆ 1,800 ವ್ಯಾಟ್-ಅವರ್. ಲೆಡ್-ಆಸಿಡ್ ಆದರೆ ಅರ್ಧಕ್ಕಿಂತ ಕೆಳಗೆ ದಿನಾ ಇಳಿಸಬಾರದು, ಇಳಿಸಿದರೆ ಆಯುಷ್ಯ ಬೇಗ ಮುಗಿಯುತ್ತದೆ. ಹಾಗಾಗಿ ಕೈಗೆ ಸಿಗುವುದು 900. ನಮಗೆ ಒಂದು ಸಾಲದು. ಎರಡನ್ನು ಸರಣಿಯಲ್ಲಿ ಕಟ್ಟಿ 24 ವೋಲ್ಟ್ ಮಾಡಿದೆವು.

ಪ್ಯಾನೆಲ್ಲಿಗೆ ಬೇಸಿಗೆಯ ಬಿಸಿಲು ನೋಡಿ ಲೆಕ್ಕ ಹಾಕಿದರೆ ಜುಲೈ ತಿಂಗಳು ಕೈ ಕೊಡುತ್ತದೆ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ದಿನಕ್ಕೆ 5 ತಾಸು ಪೂರ್ತಿ ಬಿಸಿಲು ಎಂದು ಹಿಡಿದು, ದಾರಿಯಲ್ಲಿ ಆಗುವ ನಷ್ಟ ಕಳೆದರೆ 400 ವ್ಯಾಟ್ ಸಾಕು. 3 ತಾಸು ಎಂದು ಹಿಡಿದರೆ 670 ಬೇಕು. ನಾವು 335ರ ಎರಡು ಹಾಕಿದೆವು. ಅಷ್ಟಾದರೂ ಬಿಡದ ಮಳೆಗೆ ಸಾಲುವುದಿಲ್ಲ. ಆ ವಾರ ಟಿವಿಗೆ ರಜೆ.

“ಬರೀ ಹನ್ನೆರಡು ವೋಲ್ಟ್ ಮಾರಾಯ”

ಇದು ದೊಡ್ಡಪ್ಪ ಹೇಳಿದ ಮಾತು. ನಾನೂ ನಂಬಿದ್ದೆ. ಬ್ಯಾಟರಿಯ ಬೋಲ್ಟ್ ಬಿಗಿ ಮಾಡುವಾಗ ನನ್ನ ಸ್ಪ್ಯಾನರಿನ ಇನ್ನೊಂದು ತುದಿ ಮೈನಸ್ ಟರ್ಮಿನಲ್ಲಿಗೆ ತಾಗಿತು. ಟಪ್ ಎಂದಿತು, ಕಣ್ಣು ಕೋರೈಸಿತು, ಸ್ಪ್ಯಾನರ್ ಕೈಯಿಂದ ಹಾರಿತು. ಎತ್ತಿ ನೋಡಿದರೆ ಅಂಚಿನ ಉಕ್ಕು ಕರಗಿ ಗುಳಿ ಬಿದ್ದಿತ್ತು.

ಶಾಕ್ ಹೊಡೆಯುವುದು ಬೇರೆ, ಸುಡುವುದು ಬೇರೆ. ಒಣ ಚರ್ಮ 12 ವೋಲ್ಟಿಗೆ ಬಗ್ಗುವುದಿಲ್ಲ, ಅದಕ್ಕೇ ಮುಟ್ಟಿದರೂ ಏನೂ ಅನ್ನಿಸುವುದಿಲ್ಲ. ಆದರೆ ಬ್ಯಾಟರಿಯ ಒಳಗಿನ ಪ್ರತಿರೋಧ ಕೆಲವೇ ಮಿಲಿಓಮ್. 5 ಮಿಲಿಓಮ್ ಎಂದುಕೊಳ್ಳಿ. 12 ಭಾಗಿಸು 0.005, ಅಂದರೆ 2,400 ಆಂಪಿಯರ್. ವೆಲ್ಡಿಂಗ್ ಮೆಷಿನ್ನಿಗೂ ಇಷ್ಟು ಬೇಡ. ಸ್ಪ್ಯಾನರ್ ಬದಲು ಉಂಗುರವೋ ಬಳೆಯೋ ಆಗಿದ್ದರೆ ಬೆರಳಿನ ಕಥೆ ಏನು? ಈಗ ಬ್ಯಾಟರಿ ಮುಟ್ಟುವ ಮೊದಲು ಉಂಗುರ, ವಾಚು, ಸರ ಎಲ್ಲ ತೆಗೆಯುತ್ತೇನೆ. ಸ್ಪ್ಯಾನರಿನ ಹಿಡಿಗೆ ಪೂರ್ತಿ ಟೇಪ್ ಸುತ್ತಿದ್ದೇನೆ. ಕಣ್ಣಿಗೆ ಕನ್ನಡಕ.

ಬ್ಯಾಟರಿಯ ಪ್ಲಸ್ಸಿಗೆ ಆದಷ್ಟು ಹತ್ತಿರ ಡಿಸಿ ಫ್ಯೂಸ್ ಇರಲೇಬೇಕು ಎನ್ನುವುದು ಇದಕ್ಕೇ. ಗೇಣಿನ ಅಳತೆ ನೆನಪಿಟ್ಟುಕೊಳ್ಳಿ. ಟ್ರಾನ್ಸ್‌ಫಾರ್ಮರ್ ಹತ್ತಿರದ ಫ್ಯೂಸಿನ ಕೆಲಸ ಇಲ್ಲಿ ಇದರದು. ಫ್ಯೂಸ್ ಕಾಯುವುದು ಟಿವಿಯನ್ನಲ್ಲ, ವಯರನ್ನು. ಇಲಿ ಕಡಿದೋ, ಗೋಡೆಯ ಮೊಳೆ ತಾಗಿಯೋ ಎರಡು ವಯರು ಕೂಡಿದರೆ, ಫ್ಯೂಸ್ ಇಲ್ಲದ ಮನೆಯಲ್ಲಿ ವಯರೇ ಕೆಂಪಗೆ ಕಾದು ಉರಿಯುತ್ತದೆ. ವಯರು ಎಷ್ಟು ಆಂಪಿಯರ್ ತಾಳುತ್ತದೋ ಅದಕ್ಕಿಂತ ಫ್ಯೂಸ್ ಕಡಿಮೆ ಇರಬೇಕು.

ವೋಲ್ಟ್ ಕಮ್ಮಿ ಆದಷ್ಟೂ ಆಂಪಿಯರ್ ಜಾಸ್ತಿ. 1,000 ವ್ಯಾಟಿಗೆ 230ರಲ್ಲಿ ಸುಮಾರು 4 ಆಂಪಿಯರ್, 24ರಲ್ಲಿ 42, 12ರಲ್ಲಿ 83. ಡಿಸಿ ವಯರು ಹೆಬ್ಬೆರಳಿನಷ್ಟು ದಪ್ಪ ಇರುವುದು ಏಕೆ ಎಂದು ಈಗ ಅರ್ಥವಾಯಿತಲ್ವಾ? ಒಂದು ಲೆಕ್ಕ ಮಾಡಿ ನೋಡಿ: 1.5 ಚದರ ಮಿಲಿಮೀಟರ್ ತಾಮ್ರದ ವಯರಿನ ಪ್ರತಿರೋಧ ಕಿಲೋಮೀಟರಿಗೆ ಸುಮಾರು 12 ಓಮ್. 10 ಮೀಟರ್ ದೂರ, ಹೋಗಿ ಬರಲು 20 ಮೀಟರ್. 10 ಆಂಪಿಯರ್ ಹರಿದರೆ ದಾರಿಯಲ್ಲೇ 2.4 ವೋಲ್ಟ್ ಮಾಯ. 230ರಲ್ಲಿ ಇದು ಲೆಕ್ಕಕ್ಕಿಲ್ಲ, 12ರಲ್ಲಿ ಐದರಲ್ಲಿ ಒಂದು ಪಾಲು. 6 ಚದರ ಮಿಲಿಮೀಟರ್ ಹಾಕಿದರೆ ನಷ್ಟ ಸುಮಾರು 0.6ಕ್ಕೆ ಇಳಿಯುತ್ತದೆ.

ಬ್ಯಾಟರಿ ಇಡುವ ಜಾಗದ ಬಗ್ಗೆ ಎರಡು ಮಾತು. ಚಾರ್ಜ್ ಆಗುವಾಗ ಲೆಡ್-ಆಸಿಡ್ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ಶೇಕಡ 4 ಸೇರಿದರೆ ಒಂದು ಕಿಡಿ ಸಾಕು. ಅದು ಮೇಲಕ್ಕೆ ಏರುವ ಅನಿಲ, ಹಾಗಾಗಿ ಕಿಟಕಿ ಕೆಳಗಿದ್ದರೆ ಸಾಲದು, ಮೇಲೂ ಕಿಂಡಿ ಬೇಕು. ಮಲಗುವ ಕೋಣೆ, ದೇವರ ದೀಪದ ಪಕ್ಕ, ಬಚ್ಚಲೊಲೆಯ ಹತ್ತಿರ ಬೇಡವೇ ಬೇಡ.

ಡಿಸಿ ಕಿಡಿ ಹಠಮಾರಿ

ಎಂಸಿಬಿ ಅಂದರೆ ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಬ್ರೇಕರ್. ಅಂಗಡಿಯವರು “ಎಂಸಿಬಿ ಎಲ್ಲ ಒಂದೇ” ಅನ್ನಬಹುದು. ಒಂದೇ ಅಲ್ಲ. ನಮ್ಮ 50 ಹರ್ಟ್ಸ್ ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ. ಸ್ವಿಚ್ ಬಿಚ್ಚಿದಾಗ ಹುಟ್ಟುವ ಕಿಡಿ ಆ ಸೊನ್ನೆಯಲ್ಲಿ ತಾನೇ ಆರುತ್ತದೆ. ಡಿಸಿ ಸೊನ್ನೆಗೆ ಬರುವುದೇ ಇಲ್ಲ. ಕಿಡಿ ಎಳೆದಷ್ಟು ಉದ್ದವಾಗಿ ಉರಿಯುತ್ತಲೇ ಇರುತ್ತದೆ, ಎಸಿಯ ಎಂಸಿಬಿ ಒಳಗೇ ಕರಗಬಹುದು. ಪ್ಯಾನೆಲ್ ಕಡೆಗೆ ಡಿಸಿ ಎಂದೇ ಬರೆದಿರುವ, ಸಾಕಷ್ಟು ವೋಲ್ಟ್ ತಾಳುವ ಬ್ರೇಕರ್ ಬೇಕು. ಕೆಲವಕ್ಕೆ ಪ್ಲಸ್ ಮೈನಸ್ ಗುರುತು ಇರುತ್ತದೆ, ಅದನ್ನು ತಿರುವುಮುರುವು ಮಾಡಬಾರದು. ಪ್ಯಾನೆಲ್ ವಯರುಗಳನ್ನು ಜೋಡಿಸುವ ಎಂಸಿ4 ಕನೆಕ್ಟರನ್ನು ಕರೆಂಟು ಹರಿಯುವಾಗ ಎಳೆಯಲೇಬಾರದು, ಮೊದಲು ಬ್ರೇಕರ್ ಆಫ್.

ಬಿಸಿಲಿರುವವರೆಗೆ ಪ್ಯಾನೆಲ್ಲನ್ನು ಆಫ್ ಮಾಡಲು ಆಗುವುದಿಲ್ಲ. ಬ್ರೇಕರ್ ಆಫ್ ಮಾಡಿದರೂ ಅದರ ಪ್ಯಾನೆಲ್ ಬದಿಯಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ನಮ್ಮ ಒಂದೊಂದು ಪ್ಯಾನೆಲ್ ಲೋಡಿಲ್ಲದೆ 46 ವೋಲ್ಟ್, ಸರಣಿಯಲ್ಲಿ 92. ಪ್ಯಾನೆಲ್ಲಿನಿಂದ ಬ್ಯಾಟರಿಗೆ ಹದವಾಗಿ ಚಾರ್ಜ್ ಮಾಡುವ ಚಾರ್ಜ್ ಕಂಟ್ರೋಲರಿನ ಮಿತಿ 100, ಅದನ್ನು ದಾಟಿದರೆ ಕಂಟ್ರೋಲರ್ ಹಾಳು. ಪ್ಯಾನೆಲ್ ತಣ್ಣಗಾದಷ್ಟೂ ವೋಲ್ಟೇಜ್ ಏರುತ್ತದೆ, ಡಿಗ್ರಿಗೆ ಸುಮಾರು ಶೇಕಡ 0.3. 25 ಡಿಗ್ರಿಯ 92, ಡಿಸೆಂಬರಿನ 10 ಡಿಗ್ರಿಯ ಬೆಳಿಗ್ಗೆ 96 ಆಗುತ್ತದೆ. ಬಿಸಿಲಲ್ಲಿ ಹಾಳಾಗುವುದಕ್ಕಿಂತ ಚಳಿಯಲ್ಲಿ ಹಾಳಾಗುವ ಯಂತ್ರ ಇದು! ಜೋಡಿಸುವ ಕ್ರಮವೂ ನೆನಪಿರಲಿ: ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್.

ಟ್ರಿಪ್ ಆಗದ ಆರ್‌ಸಿಸಿಬಿ

ನನಗೆ ಅರ್ಥವಾಗಲು ಅತಿ ಹೆಚ್ಚು ದಿನ ಹಿಡಿದದ್ದು ಇದು. ಆರ್‌ಸಿಸಿಬಿ ಅಂದರೆ ಸೋರಿಕೆ ಕಂಡರೆ ಕರೆಂಟು ಕಡಿಯುವ ಸ್ವಿಚ್ಚು. ಅದು ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ವಾಪಸ್ ಬಂತೇ ಎಂದು ತೂಗಿ ನೋಡುತ್ತದೆ. 30 ಮಿಲಿಆಂಪಿಯರ್ ವ್ಯತ್ಯಾಸ ಕಂಡರೆ ಟ್ರಿಪ್. ಯಾರದೋ ಮೈಯಿಂದ ಭೂಮಿಗೆ ಸೋರಿದ ಕರೆಂಟು ಟ್ರಾನ್ಸ್‌ಫಾರ್ಮರಿಗೆ ಹೇಗೆ ಮರಳುತ್ತದೆ? ಅಲ್ಲಿ ನ್ಯೂಟ್ರಲ್ಲನ್ನು ಭೂಮಿಗೆ ಕಟ್ಟಿರುವುದರಿಂದ.

ಎಷ್ಟೋ ಆಫ್-ಗ್ರಿಡ್ ಇನ್ವರ್ಟರುಗಳಲ್ಲಿ ಆ ಕಟ್ಟು ಇರುವುದಿಲ್ಲ. ಎರಡು ವಯರೂ ಭೂಮಿಯಿಂದ ಬಿಡಿಬಿಡಿ. ಕರೆಂಟು ಮರಳಲು ದಾರಿಯಿಲ್ಲ, ಹಾಗಾಗಿ ಮೊದಲ ಸೋರಿಕೆ ಯಾರಿಗೂ ಗೊತ್ತಾಗುವುದಿಲ್ಲ, ಆರ್‌ಸಿಸಿಬಿಯೂ ಸುಮ್ಮನಿರುತ್ತದೆ. ಮಿಕ್ಸಿಯಲ್ಲೊಂದು ಸೋರಿಕೆ, ಇನ್ನೊಂದು ವಯರಿನಲ್ಲಿ ಮತ್ತೊಂದು ಎಂದಾದಾಗ ಅಪಾಯ. ಇದಕ್ಕಿಂತ ಮೋಸದ ಸಂಗತಿ ಏನು ಗೊತ್ತಾ? ಟೆಸ್ಟ್ ಬಟನ್ ಒತ್ತಿದರೆ ಆಗಲೂ ಟ್ರಿಪ್ ಆಗುತ್ತದೆ. ಆ ಬಟನ್ ತನ್ನೊಳಗೇ ಫೇಸಿನಿಂದ ನ್ಯೂಟ್ರಲ್ಲಿಗೆ ಅಡ್ಡದಾರಿ ಹಾಕುತ್ತದೆ, ಭೂಮಿಯ ಸಹವಾಸವೇ ಅದಕ್ಕೆ ಬೇಡ. “ಬಟನ್ ಒತ್ತಿದೆ, ಸರಿಯಿದೆ” ಎಂದು ನಾನೂ ಟಿಕ್ ಹಾಕಿಬಿಟ್ಟಿದ್ದೆ.

ಹಾಗಂತ ನೀವೇ ಹೋಗಿ ನ್ಯೂಟ್ರಲ್ ಮತ್ತು ಅರ್ತ್ ಸೇರಿಸಬೇಡಿ. ಕೆಲವು ಅಗ್ಗದ ಇನ್ವರ್ಟರುಗಳು ಹಾಗೆ ಸೇರಿಸಿದರೆ ಸುಟ್ಟುಹೋಗುತ್ತವೆ. ಮ್ಯಾನ್ಯುಯಲ್‌ನಲ್ಲಿ ಒಪ್ಪಿಗೆ ಇದ್ದರೆ ಒಂದೇ ಒಂದು ಕಡೆ, ಎಲೆಕ್ಟ್ರಿಶಿಯನ್ ಕೈಯಲ್ಲಿ ಮಾಡಿಸಿ. ಖರೀದಿಗೆ ಮೊದಲೇ ಈ ಪ್ರಶ್ನೆ ಕೇಳಿದರೆ ಒಳ್ಳೆಯದು. ನಾವು ಕೇಳಿರಲಿಲ್ಲ, ಒಮ್ಮೆ ಬದಲಾಯಿಸಬೇಕಾಯಿತು.

ಪ್ಯಾನೆಲ್ಲಿನ ಚೌಕಟ್ಟು, ಕಬ್ಬಿಣದ ಸ್ಟ್ಯಾಂಡು, ಇನ್ವರ್ಟರಿನ ಮೈ ಎಲ್ಲಕ್ಕೂ ಅರ್ತ್ ವಯರು ಬೇಕೇ ಬೇಕು. ಏಪ್ರಿಲ್–ಮೇ ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್ ಸಹ. ಅದು ನೇರ ಸಿಡಿಲನ್ನು ತಡೆಯುವುದಿಲ್ಲ, ಹತ್ತಿರ ಬಿದ್ದ ಸಿಡಿಲಿನ ಏಟನ್ನು ಭೂಮಿಗೆ ಇಳಿಸುತ್ತದೆ. ಗುಡುಗು ಶುರುವಾದಾಗ ಪ್ಯಾನೆಲ್ ಹತ್ತಿರ ಯಾರೂ ಹೋಗುವಂತಿಲ್ಲ.

ಈಗ ಬ್ಯಾಟರಿಯ ಮೇಲಿನ ಗೋಡೆಗೆ ಒಂದು ವೋಲ್ಟ್ ಮೀಟರ್ ಇದೆ. ಬಿಸಿಲು ಬರುವ ಮೊದಲು, ಲೋಡ್ ಇಲ್ಲದಾಗ, ದೊಡ್ಡಪ್ಪ ಅದನ್ನು ನೋಡಿ ಕ್ಯಾಲೆಂಡರಿನ ಮೇಲೆ ಬರೆಯುತ್ತಾರೆ. 25.4 ಇದ್ದರೆ ತುಂಬಿದೆ. 24.4ಕ್ಕೆ ಇಳಿದಿದ್ದರೆ ಅರ್ಧ ಖಾಲಿ. ಅವತ್ತು ಚಟ್ನಿ ಒರಳುಕಲ್ಲಿನಲ್ಲಿ. “ಇವತ್ತು ನಮ್ಮ ಸ್ಟೇಷನ್ನಿನಲ್ಲಿ ಲೋಡ್ ಶೆಡ್ಡಿಂಗ್” ಎಂದು ದೊಡ್ಡಮ್ಮನಿಗೆ ಕೂಗಿ ಹೇಳುತ್ತಾರೆ.