ಗೇರ್ ಗುಂಯ್‌ಗುಟ್ಟಿದರೆ ಮೋಟಾರಿಗೇ ಹೇಳಿ

ಎಲೆಕ್ಟ್ರಿಕ್ ಆಟೋ ಚಾಮುಂಡಿ ಬೆಟ್ಟ ಹತ್ತುವಾಗ ಸಣ್ಣಗೆ ಗುಂಯ್ ಅನ್ನುತ್ತದೆ. ಇಂಜಿನ್ನೇ ಇಲ್ಲ, ಮತ್ತೆ ಈ ಸದ್ದು ಯಾರದು? ಮೋಟಾರಿನದೂ ಇರಬಹುದು, ಆದರೆ ಗೇರಿನ ಪಾಲು ದೊಡ್ಡದು. ಹಳೇ ಆಟೋಗಳಲ್ಲೂ ಗೇರ್ ಸದ್ದು ಇತ್ತು. ಇಂಜಿನ್ ಗದ್ದಲದಲ್ಲಿ ಕೇಳಿಸುತ್ತಿರಲಿಲ್ಲ ಅಷ್ಟೆ.

ಭಾರ ಬಿದ್ದರೆ ಗೇರಿನ ಉಕ್ಕಿನ ಹಲ್ಲೂ ಚೂರು ಬಾಗುತ್ತದೆ. ಒಂದು ಗಳಿಗೆ ಎರಡು ಜೋಡಿ ಹಲ್ಲು ಭಾರ ಹೊರುತ್ತವೆ, ಮರುಗಳಿಗೆ ಒಂದೇ ಜೋಡಿ. ಹೀಗಾಗಿ ಎದುರಿನ ಗೇರ್ ಕೆಲವೇ ಮೈಕ್ರಾನಿನಷ್ಟು ಹಿಂದೆ ಮುಂದೆ ಆಗುತ್ತದೆ. ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್, ಅದರ ಮುಂದೆ ಇದೇನು ಮಹಾ ಅನ್ನಿಸುತ್ತದೆ ಅಲ್ವಾ? ಆದರೆ ಇದು ಪ್ರತಿ ಹಲ್ಲಿಗೂ ತಪ್ಪದೆ ಆಗುತ್ತದೆ. ಮೋಟಾರ್ ನಿಮಿಷಕ್ಕೆ 3000 ಸುತ್ತು ತಿರುಗಿ, ಅದರ ಗೇರಿಗೆ 20 ಹಲ್ಲಿದ್ದರೆ, ಸೆಕೆಂಡಿಗೆ 1000 ಸಲ. ಆ ನಡುಕ ಬೇರಿಂಗ್ ದಾಟಿ ಗೇರ್ ಬಾಕ್ಸ್‌ನ ಮೈಗೆ ಹತ್ತಿದರೆ 1000 ಹರ್ಟ್ಸ್‌ನ ಸ್ವರ ಹೊರಡುತ್ತದೆ. ಬೆಟ್ಟ ಇಳಿಯುವಾಗ ಮೋಟಾರ್ ಬ್ರೇಕಿನಂತೆ ನಿಂತು ಬ್ಯಾಟರಿ ತುಂಬಿಸುತ್ತಿದ್ದರೆ ಭಾರ ಹಲ್ಲಿನ ಇನ್ನೊಂದು ಮಗ್ಗುಲಿಗೆ ಬೀಳುತ್ತದೆ. ವೇಗ ಅದೇ ಇದ್ದರೂ ಸದ್ದಿನ ಜೋರು ಬೇರೆ.

ಹಲ್ಲನ್ನು ಓರೆಯಾಗಿ ಕೊರೆಯುವುದು, ತುದಿಯನ್ನು ಚೂರು ಸವರುವುದು ಹಳೇ ಮದ್ದು. ಮೊದಲು ಅದನ್ನೇ ಮಾಡಬೇಕು. ಆದರೆ ಒಂದು ಭಾರಕ್ಕೆ ಸರಿಹೊಂದಿದ ಹಲ್ಲು ಇನ್ನೊಂದಕ್ಕೆ ಹೊಂದುವುದಿಲ್ಲ.

ಇಲ್ಲಿ ಮೋಟಾರ್ ಕೈಗೆ ಬರುತ್ತದೆ. ಕರೆಂಟ್ ಹೆಚ್ಚುಕಮ್ಮಿ ಮಾಡಿದರೆ ಅದರ ತಿರುಗುಬಲವೂ ತಕ್ಷಣ ಹೆಚ್ಚುಕಮ್ಮಿ ಆಗುತ್ತದೆ. ಮೋಟಾರ್ ಯಾವ ಕೋನದಲ್ಲಿದೆ ಅಂತ ಸೆನ್ಸರ್, ಕರೆಂಟ್ ಹತೋಟಿಯಲ್ಲಿಡುವ ಕಂಟ್ರೋಲರಿಗೆ ಹೇಳುತ್ತಲೇ ಇರುತ್ತದೆ. ಹಾಗಾಗಿ ಯಾವ ಹಲ್ಲು ಕೂಡುತ್ತಿದೆ ಅನ್ನುವುದೂ ಗೊತ್ತು. ಮಾಮೂಲಿ ಕರೆಂಟಿನ ಮೇಲೆ ಅದೇ ಲಯದ ಸಣ್ಣ ಅಲೆಯೊಂದನ್ನು ತಿರುವುಮುರುವಾಗಿ ಸೇರಿಸಿದರೆ ನಡುಕ ತಗ್ಗುತ್ತದೆ. ಎದುರಲೆಯಿಂದ ಸದ್ದು ಅಡಗಿಸುವ ಉಪಾಯಕ್ಕೆ ಜರ್ಮನಿಯ ಪಾಲ್ ಲ್ಯೂಗ್ 1936ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದರು. ಅವರದು ಸ್ಪೀಕರ್, ಇಲ್ಲಿ ಮೋಟಾರೇ ಆ ಕೆಲಸ ಮಾಡುತ್ತದೆ.

ಕಷ್ಟ ಇರುವುದು ಸಮಯದಲ್ಲಿ. ಎದುರಲೆ ಒಂದು ಆವರ್ತದ, ಅಂದರೆ ಅಲೆ ಒಮ್ಮೆ ಪೂರ್ತಿ ಏರಿಳಿಯುವ ಸಮಯದ, ಆರನೇ ಒಂದು ಭಾಗ ತಡವಾದರೂ ಸಾಕು, ಲಾಭ ಸೊನ್ನೆ. ಅದಕ್ಕಿಂತ ತಡವಾದರೆ ಸದ್ದು ಜಾಸ್ತಿಯೇ ಆಗುತ್ತದೆ! 1000 ಹರ್ಟ್ಸ್‌ನಲ್ಲಿ ಆ ಗಡುವು 0.17 ಮಿಲಿಸೆಕೆಂಡ್. ಅದಕ್ಕೇ ಗೇರ್ ಬಾಕ್ಸ್ ಮೇಲೆ ಕಂಪನದ ಸೆನ್ಸರ್ ಕೂರಿಸಿ, ಕಂಟ್ರೋಲರ್ ಓಡುತ್ತಲೇ ತನ್ನನ್ನು ತಿದ್ದಿಕೊಳ್ಳುವಂತೆ ಮಾಡುತ್ತಾರೆ. ವೇಗ ತೀರಾ ಏರಿದರೆ ಮೋಟಾರಿನ ತಂತಿಸುರುಳಿ (ಕಾಯಿಲ್) ಅಷ್ಟು ಬೇಗ ಕರೆಂಟ್ ಬದಲಿಸಲು ಬಿಡುವುದಿಲ್ಲ.

ಮಂಡ್ಯದ ಆಲೆಮನೆಯ ಕಬ್ಬಿನ ಗಾಣಕ್ಕೆ ಈ ಉಪಾಯ ನಡೆಯದು. ಮೋಟಾರಿಗೂ ಗಾಣಕ್ಕೂ ನಡುವೆ ಬೆಲ್ಟ್ ಇದ್ದರೆ ಅದು ಜಾರುತ್ತದೆ, ಹಲ್ಲಿನ ಲೆಕ್ಕ ತಪ್ಪುತ್ತದೆ. ಅಲ್ಲಿ ಗ್ರೀಸ್ ಹಚ್ಚಿ, ಶಾಫ್ಟ್ ಸರಿಯಾಗಿ ಕೂರಿಸಿ, ಸವೆದ ಗೇರ್ ಬದಲಿಸಬೇಕು.