ಸೀಲ್ಯಾಂಡ್ 'ಲಾರ್ಡ್' ಟೈಟಲ್ ಹೆಸರಿನ ಮುಂದೆ ಹಾಕ್ಕೋಬಹುದಾ?

ಪ್ರಶ್ನೆ: ನನ್ನ ಬರ್ತ್‌ಡೇಗೆ ಫ್ರೆಂಡ್ಸ್ ಎಲ್ಲಾ ದುಡ್ಡು ಹಾಕಿ ಸೀಲ್ಯಾಂಡ್ ಅನ್ನೋ ದೇಶದ 'ಲಾರ್ಡ್' ಟೈಟಲ್ ಕೊಡ್ಸಿದಾರೆ, ಮೊಹರು ಗಿಹರು ಎಲ್ಲಾ ಇರೋ ಸರ್ಟಿಫಿಕೇಟ್ ಬಂದಿದೆ. ಇದನ್ನ ಹೆಸರಿನ ಮುಂದೆ ಹಾಕ್ಕೋಬಹುದಾ? ಆಧಾರ್, ಪಾಸ್‌ಪೋರ್ಟಲ್ಲಿ ಬರುತ್ತಾ? ಇಂಡಿಯಾದಲ್ಲಿ ಟೈಟಲ್ ಇಟ್ಕೊಳ್ಳೋದೇ ತಪ್ಪು ಅಂತಾರಲ್ಲ, ಏನೂ ತೊಂದರೆ ಆಗಲ್ವಾ?

ಉತ್ತರ: ಫಸ್ಟು ಕಂಗ್ರಾಟ್ಸ್ ಸ್ವಾಮಿ. ಫ್ರೇಮ್ ಹಾಕ್ಸಿ ಹಾಲಲ್ಲಿ ನೇತಾಕಿ, ವಾಟ್ಸಾಪ್ ಡಿಪಿ ಮಾಡ್ಕೊಳ್ಳಿ, ಯಾರೂ ಬೇಡ ಅನ್ನಲ್ಲ. ಆಧಾರು ಪಾಸ್‌ಪೋರ್ಟು ಆಸೆ ಮಾತ್ರ ಬಿಟ್ಬಿಡಿ. ತೊಂದರೆ ಆಗುತ್ತಾ ಅಂದ್ರಲ್ಲ, ಆಗಲ್ಲ, ಆದ್ರೆ ಯಾಕೆ ಆಗಲ್ಲ ಅನ್ನೋದ್ರಲ್ಲೇ ಮಜಾ ಇರೋದು, ಅದಕ್ಕೆ ಸ್ವಲ್ಪ ಹಿಂದಿನ ಕತೆ ಹೇಳ್ಬೇಕು.

ಸೀಲ್ಯಾಂಡ್ ಅಂದ್ರೆ ದ್ವೀಪ ಕೂಡ ಅಲ್ಲ. ಎರಡನೇ ಮಹಾಯುದ್ಧದ ಟೈಮಲ್ಲಿ, 1943ರಲ್ಲಿ, ಜರ್ಮನ್ ವಿಮಾನ ಹೊಡೆಯೋಕೆ ಅಂತ ಬ್ರಿಟನ್ನವರು ಸಮುದ್ರದಲ್ಲಿ ನಿಲ್ಲಿಸಿದ ಒಂದು ಕಟ್ಟೆ, ಹೆಸರು ರಫ್ಸ್ ಟವರ್. ಎರಡು ದಪ್ಪ ಕಾಂಕ್ರೀಟ್ ಕಂಬ, ಮೇಲೊಂದು ಕಬ್ಬಿಣದ ಅಟ್ಟ, ಮುಗೀತು. ಇಂಗ್ಲೆಂಡಿನ ಸಫೋಕ್ ತೀರದಿಂದ ಸುಮಾರು 12 ಕಿಮೀ ದೂರ. ಯುದ್ಧ ಮುಗಿದ್ಮೇಲೆ ಅದನ್ನ ಹಂಗೇ ಬಿಟ್ಟೋದ್ರು. ಆಮೇಲೆ ರಾಯ್ ಬೇಟ್ಸ್ ಅಂತ ಒಬ್ಬ ಮಾಜಿ ಮೇಜರ್, ಲೈಸೆನ್ಸ್ ಇಲ್ದೆ ರೇಡಿಯೋ ಸ್ಟೇಷನ್ ನಡೆಸ್ತಿದ್ದ ಆಸಾಮಿ, ಹೋಗಿ ಅದನ್ನ ಹಿಡ್ಕೊಂಡು 1967ರ ಸೆಪ್ಟೆಂಬರ್ 2ಕ್ಕೆ 'ಇದು ಸ್ವತಂತ್ರ ರಾಜ್ಯ, ನಾನೇ ಪ್ರಿನ್ಸ್' ಅಂತ ಸಾರಿದ. ಅವತ್ತು ಅವನ ಹೆಂಡ್ತಿ ಜೋನ್ ಹುಟ್ಟಿದಬ್ಬ. ಪ್ರಿನ್ಸೆಸ್ ಅನ್ನೋ ಪದವೀನೇ ಗಿಫ್ಟು. ಅಂದ್ರೆ ನಿಮ್ ಫ್ರೆಂಡ್ಸ್ ಮಾಡಿರೋದು ಆ ರಾಜ್ಯದ ಸಂಪ್ರದಾಯಾನೇ, ಬೇಜಾರು ಮಾಡ್ಕೋಬೇಡಿ.

ಮುಂದಿನ ವರ್ಷ ಹತ್ರ ಬಂದ ಸರ್ಕಾರಿ ಹಡಗಿನ ಕಡೆ ಗುಂಡು ಹಾರ್ಸಿದ್ರು ಅಂತ ಕೇಸ್ ಆಯ್ತು. ಆಗ ಬ್ರಿಟನ್ನಿನ ಸಮುದ್ರ ಗಡಿ ಇದ್ದಿದ್ದು ಬರೀ 3 ನಾಟಿಕಲ್ ಮೈಲಿ (ಸುಮಾರು ಐದೂವರೆ ಕಿಮೀ), ಟವರ್ ಅದರಾಚೆ, ಹಂಗಾಗಿ ನನ್ನ ವ್ಯಾಪ್ತಿಗೆ ಬರಲ್ಲ ಅಂತ ಜಡ್ಜ್ ಕೈಬಿಟ್ರು. ಬೇಟ್ಸ್ ಫ್ಯಾಮಿಲಿ ಇವತ್ತಿಗೂ ಹಿಡ್ಕೊಂಡಿರೋದು ಇದೇ ಜುಟ್ಟನ್ನ. ಆದ್ರೆ 1987ರಲ್ಲಿ ಬ್ರಿಟನ್ ಗಡೀನ 12 ನಾಟಿಕಲ್ ಮೈಲಿಗೆ (ಸುಮಾರು 22 ಕಿಮೀ) ಏರಿಸ್ತು, ಈಗ ಟವರ್ ಗಡಿ ಒಳಗೇ ಇದೆ. 1978ರಲ್ಲಿ ಜರ್ಮನಿಯ ಕಲೋನ್ ನಗರದ ಕೋರ್ಟು ಕೂಡ ಇದನ್ನ ತೂಗಿ ನೋಡಿತ್ತು, ಮನುಷ್ಯರು ಕಟ್ಟಿದ ಅಟ್ಟ ಭೂಮಿಯ ಭಾಗ ಅಲ್ಲ, ಅದು ದೇಶದ ನೆಲ ಆಗಲ್ಲ ಅಂತ ತೀರ್ಪು ಕೊಡ್ತು. ಇವತ್ತಿನವರೆಗೂ ಒಂದು ದೇಶಾನೂ ಸೀಲ್ಯಾಂಡನ್ನ ಒಪ್ಕೊಂಡಿಲ್ಲ.

ಹಂಗಾದ್ರೆ ಟೈಟಲ್ಲು? ಮಾರಾಟದ ಸರಕು. ಆ ಅಟ್ಟ ಸುಸ್ಥಿತೀಲಿ ಇರೋಕೆ ದುಡ್ಡು ಬೇಕಲ್ಲ, ಬೋಟು, ಡೀಸೆಲ್, ರಿಪೇರಿ, ಮೇಲಿಂದ 2006ರಲ್ಲಿ ಬೆಂಕಿ ಬೇರೆ ಬಿತ್ತು. ಸೀಲ್ಯಾಂಡಿನವರು ಕೆಳಗಡೆ ಲಾರ್ಡ್ ಲೇಡಿ ಇಂದ ಶುರು ಮಾಡಿ ಬ್ಯಾರನ್, ಸರ್, ಕೌಂಟ್, ಮೇಲೆ ಡ್ಯೂಕ್ ತನಕ ಮೆಟ್ಲು ಇಟ್ಟಿದಾರೆ, ಮೆಟ್ಲು ಏರಿದಂಗೆ ರೇಟೂ ಏರುತ್ತೆ. ಸಿಂಗರ್ ಎಡ್ ಶೀರನ್ ಕೂಡ ಸೀಲ್ಯಾಂಡಿನ ಬ್ಯಾರನ್ನು, ಒಳ್ಳೆ ಕಂಪನಿಲೇ ಇದೀರಿ. ಗಮನಿಸಿ ನೋಡಿದ್ರೆ ಈ ಮೆಟ್ಲೇ ಸ್ವಲ್ಪ ಎಡವಟ್ಟು. ಬ್ರಿಟನ್ನಲ್ಲಿ 'ಲಾರ್ಡ್' ಅನ್ನೋದು ಬೇರೆ ಪದವಿ ಅಲ್ಲ, ಬ್ಯಾರನ್ನಿಗೋ ಅರ್ಲ್‌ಗೋ ಮರ್ಯಾದೆ ಕೊಟ್ಟು ಕರೆಯೋ ರೀತಿ, ನಾವು 'ಬುದ್ದೇರು' ಅಂದಂಗೆ. ಕೌಂಟ್ ಅನ್ನೋ ಪದವಿ ಅಲ್ಲಿ ಇಲ್ವೇ ಇಲ್ಲ, ಅದ್ರ ಜಾಗದಲ್ಲಿರೋದು ಅರ್ಲ್ (ಅವನ ಹೆಂಡ್ತಿ ಮಾತ್ರ ಕೌಂಟೆಸ್, ಅದ್ಯಾಕೋ). ಇನ್ನು ಸರ್ ಅಂತ ಕರೆಸ್ಕೊಳ್ಳೋ ನೈಟು ಬ್ಯಾರನ್‌ಗಿಂತ ಕೆಳಗೆ. ಸೀಲ್ಯಾಂಡಿನವರು ಇಂಗ್ಲೆಂಡಿಂದ ಒಂದಿಷ್ಟು, ಯುರೋಪಿಂದ ಒಂದಿಷ್ಟು ತಂದು ಚಿತ್ರಾನ್ನ ಮಾಡಿದಾರೆ.

ದುಡ್ಡಿಗೆ ಪದವಿ ಮಾರೋದು ಇಂಥ ಪುಟಾಣಿ ರಾಜ್ಯಗಳ ಹಣೆಬರಹ ಅಂತ ನಗೋರು ಇದಾರೆ, ಅವರಿಗೆ ಇತಿಹಾಸ ಗೊತ್ತಿಲ್ಲ ಅಷ್ಟೇ. ಇಂಗ್ಲೆಂಡಿನ ರಾಜ ಒಂದನೇ ಜೇಮ್ಸು 1611ರಲ್ಲಿ ಬ್ಯಾರನೆಟ್ ಅಂತ ಹೊಸ ಪದವೀನೇ ಮಾಡಿ 1,095 ಪೌಂಡಿಗೆ ಮಾರಿದ್ದ. ಮೊದಲ ಮಹಾಯುದ್ಧ ಆದ್ಮೇಲೆ ಪ್ರಧಾನಿ ಲಾಯ್ಡ್ ಜಾರ್ಜ್ ಕಾಲದಲ್ಲಂತೂ ನೈಟ್ ಆಗೋಕೆ 10,000 ಪೌಂಡು, ಹೀಗೆ ಪಟ್ಟಿ ಓಡಾಡ್ತಿತ್ತು, ಕೊನೆಗೆ ಗಲಾಟೆ ಆಗಿ 1925ರಲ್ಲಿ ಪದವಿ ಮಾರೋದೇ ಅಪರಾಧ ಅಂತ ಕಾನೂನು ಬಂತು. ಹಂಗಾಗಿ ಮಾರಿದ್ದು ಅನ್ನೋ ಕಾರಣಕ್ಕೆ ನಿಮ್ ಟೈಟಲ್ ಸುಳ್ಳಾಗಲ್ಲ, ಮಾರಿದವರಿಗೆ ಕೊಡೋ ಅಧಿಕಾರ ಇದೆ ಅಂತ ಬೇರೆ ಯಾರೂ ಒಪ್ಪಿಲ್ಲ ಅನ್ನೋದಕ್ಕೆ ಅದು ಸುಳ್ಳು. ನಮ್ಮಲ್ಲೇ ನೋಡಿ, ಬಿ.ಎಂ. ಶ್ರೀ ಅವರಿಗೆ 'ರಾಜಸೇವಾಸಕ್ತ' ಅಂತ ಬಿರುದು ಕೊಟ್ಟಿದ್ದು ಮೈಸೂರು ಮಹಾರಾಜರು, ಕೊಟ್ಟವರಿಗೆ ಆಗ ಸಿಂಹಾಸನ ಇತ್ತು, ಅರಮನೆ ಇತ್ತು, ಕಂದಾಯ ಕಟ್ಟೋ ಜನ ಇದ್ರು. ಕೊಡೋ ಕೈಗೆ ತೂಕ ಇದ್ರೆ ಬಿರುದಿಗೂ ತೂಕ.

ತೂಕ ಇಲ್ಲ ಅಂತ ಗೊತ್ತಿದ್ದೂ ಚೆಂದ ಆಟ ಆಡಿದವರೂ ಇದಾರೆ, ನಂಗೆ ಜಾಸ್ತಿ ಇಷ್ಟ ಅವ್ರೇ. ಕೆರಿಬಿಯನ್ ಸಮುದ್ರದಲ್ಲಿ ರೆಡೊಂಡಾ ಅಂತ ಜನ ಇಲ್ದಿರೋ ಬಂಡೆ ದ್ವೀಪ ಇದೆ, ಆಂಟಿಗುವಾ-ಬಾರ್ಬುಡಾ ದೇಶಕ್ಕೆ ಸೇರಿದ್ದು. ಅದರ 'ರಾಜ' ಪಟ್ಟ ಸಾಹಿತಿಗಳ ಮಧ್ಯೆ ಕೈ ಬದಲಾಯಿಸ್ತಾ ಬಂತು. ಸ್ಪೇನಿನ ಕಾದಂಬರಿಕಾರ ಹವಿಯೆರ್ ಮರಿಯಾಸ್ ಕೈಗೆ 1997ರಲ್ಲಿ ಬಂದಾಗ ಅವರು ತಾವು ಮೆಚ್ಚಿದ ಲೇಖಕರು, ಸಿನಿಮಾದವರನ್ನೆಲ್ಲ ಡ್ಯೂಕ್ ಮಾಡಿದ್ರು, ಡೈರೆಕ್ಟರ್ ಕೊಪ್ಪೊಲಾ 'ಮೆಗಾಲೊಪೊಲಿಸ್ ಡ್ಯೂಕ್'. ಇನ್ನೊಂದು ಕಡೆ ಆಸ್ಟ್ರೇಲಿಯಾದಲ್ಲಿ ಲೆನಾರ್ಡ್ ಕ್ಯಾಸ್ಲಿ ಅನ್ನೋ ರೈತ, ಗೋಧಿ ಮಾರೋಕೆ ಸರ್ಕಾರ ಹಾಕಿದ ಕೋಟಾ ಮೇಲೆ ಸಿಟ್ಟಾಗಿ 1970ರಲ್ಲಿ ತನ್ನ ಜಮೀನನ್ನೇ 'ಹಟ್ ರಿವರ್' ಅಂತ ರಾಜ್ಯ ಮಾಡ್ಕೊಂಡು ಪ್ರಿನ್ಸ್ ಆದ, ಸ್ಟ್ಯಾಂಪು ನಾಣ್ಯ ಪದವಿ ಎಲ್ಲಾ ನಡೀತು, ಸುಮಾರು 30 ಲಕ್ಷ ಆಸ್ಟ್ರೇಲಿಯನ್ ಡಾಲರ್ ಟ್ಯಾಕ್ಸ್ ಬಾಕಿ ಕುತ್ತಿಗೆಗೆ ಬಂದು 2020ರಲ್ಲಿ ಅಂಗಡಿ ಮುಚ್ತು.

ಈಗ ನಿಮ್ ಭಯಕ್ಕೆ ಬರೋಣ. ನಮ್ಮ ಸಂವಿಧಾನದ 18ನೇ ವಿಧಿ ಪ್ರಕಾರ ಮಿಲಿಟರಿ ಮತ್ತೆ ಓದಿಗೆ ಸಂಬಂಧಪಟ್ಟಿದ್ದು ಬಿಟ್ಟು ಬೇರೆ ಟೈಟಲ್ಲನ್ನ ಸರ್ಕಾರ ಕೊಡೋಹಂಗಿಲ್ಲ, ಮತ್ತೆ ಭಾರತದ ಪ್ರಜೆ ಯಾವ ವಿದೇಶಿ ದೇಶದಿಂದಲೂ ಟೈಟಲ್ ತಗೋಬಾರದು. ಭಾರತರತ್ನ, ಪದ್ಮ ಪ್ರಶಸ್ತಿಗಳನ್ನೂ ಹೆಸರಿನ ಹಿಂದೆ ಮುಂದೆ ಹಾಕ್ಕೋಬಾರದು ಅಂತ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದೆ. ಹಾಗಾದ್ರೆ ನೀವು ಸಿಕ್ಕಾಕೊಂಡ್ರಾ? ಇಲ್ಲ, ಯಾಕಂದ್ರೆ ವಿಧಿ ಹೇಳೋದು 'ವಿದೇಶಿ ದೇಶ' ಅಂತ, ಸೀಲ್ಯಾಂಡು ದೇಶಾನೇ ಅಲ್ಲ. ನಿಮ್ ಸರ್ಟಿಫಿಕೇಟ್ ಅಸಲಿ ಆಗಿದ್ದಿದ್ರೆ ತಲೆನೋವು, ನಕಲಿ ಆಗಿರೋದೇ ನಿಮ್ಮನ್ನ ಕಾಪಾಡ್ತಿರೋದು! ಸೀಲ್ಯಾಂಡ್ ನಿಜವಾದ ದೇಶ ಅಂತ ಫೇಸ್ಬುಕ್ಕಲ್ಲಿ ಜಗಳ ಆಡೋ ಮುಂಚೆ ಇದನ್ನೊಂಚೂರು ನೆನಪಿಟ್ಕೊಳ್ಳಿ.

ಪ್ರಾಕ್ಟಿಕಲ್ ಆಗಿ ಹೇಳ್ಬೇಕಂದ್ರೆ, ಕೆಲವು ಏರ್‌ಲೈನ್ ಬುಕಿಂಗ್ ಫಾರಮ್ಮಲ್ಲಿ ಮಿಸ್ಟರ್ ಮಿಸೆಸ್ ಜೊತೆ ಲಾರ್ಡ್ ಅಂತಲೂ ಆಪ್ಷನ್ ಇರುತ್ತೆ, ಕೈ ತುರಿಸುತ್ತೆ, ಬೇಡ, ಪಾಸ್‌ಪೋರ್ಟಲ್ಲಿ ಇರೋಹಂಗೇ ಹಾಕಿ. ವೀಸಾ, ಬ್ಯಾಂಕು, ಸೈಟ್ ರಿಜಿಸ್ಟ್ರೇಷನ್ನು, ಇಲ್ಲೆಲ್ಲೂ ತರಬೇಡಿ. ಮದ್ವೆ ಕಾರ್ಡಲ್ಲಿ ಬೇಕಾದ್ರೆ ಧಾರಾಳವಾಗಿ ಹಾಕ್ಸಿ, ಬಿ.ಇ., ಎಂ.ಬಿ.ಎ. ಅಂತ ಬ್ರ್ಯಾಕೆಟ್ಟಲ್ಲಿ ಬರೆಸೋ ಜಾಗದಲ್ಲಿ ಲಾರ್ಡ್ ಇದ್ರೆ ಅಜ್ಜಿ ಒಬ್ಬರು ಅದ್ಯಾವ ಕೋರ್ಸಪ್ಪಾ ಅಂತ ಕೇಳ್ಬಹುದು ಅಷ್ಟೇ.