ಪದ ಪರಿಚಯ: ಯುದ್ಧಾಧಿಕಾರ ನಿರ್ಣಯ

ಹಳೇಬೀಡಿನ ಸುತ್ತಲಿನ ಊರುಗಳಲ್ಲಿ ಕೆರೆ ಏರಿಯ ಬಳಿಯೋ ಗುಡಿಯ ಪಕ್ಕದಲ್ಲೋ ನಿಂತಿರುವ ವೀರಗಲ್ಲುಗಳನ್ನು ನೋಡದವರು ನಮ್ಮ ಹಾಸನ ಜಿಲ್ಲೆಯಲ್ಲಿ ಕಡಿಮೆ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಡುತ್ತಿರುವ ವೀರ, ನಡುವೆ ಅವನನ್ನು ಮೇಲಕ್ಕೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿಯಲ್ಲಿ ಕುಳಿತ ಅದೇ ವೀರ. ಸತ್ತವನ ಕಥೆಯನ್ನು ಕಲ್ಲು ಹೇಳುತ್ತದೆ. ಆ ಕಾಳಗ ಬೇಕೇ ಬೇಡವೇ ಎಂದು ಯಾರನ್ನು ಕೇಳಿ ತೀರ್ಮಾನಿಸಿದರು ಎಂಬ ಪ್ರಶ್ನೆಗೆ ಅಲ್ಲಿ ಎಡೆಯಿಲ್ಲ. ರಾಜ್ಯಶಾಸ್ತ್ರದ ತರಗತಿಯಲ್ಲಿ ‘ಯುದ್ಧಾಧಿಕಾರ’ ಎಂಬ ಪದವನ್ನು ವಿವರಿಸುವಾಗ ನಾನು ಈ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ.

ಸೇನೆಯನ್ನು ಯುದ್ಧಕ್ಕೆ ಕಳುಹಿಸುವ ಅಧಿಕಾರವೇ ಯುದ್ಧಾಧಿಕಾರ. ಅಮೆರಿಕದ ಸಂವಿಧಾನ ಇದನ್ನು ಇಬ್ಬರಿಗೆ ಹಂಚಿದೆ: ಯುದ್ಧ ಘೋಷಿಸುವುದು ಕಾಂಗ್ರೆಸ್ಸಿನ, ಅಂದರೆ ಅಲ್ಲಿನ ಶಾಸಕಾಂಗದ, ಕೆಲಸ, ಸೇನೆಯ ಮಹಾದಂಡನಾಯಕನಾಗಿ ಅದನ್ನು ನಡೆಸುವುದು ಅಧ್ಯಕ್ಷನ ಕೆಲಸ. 1787ರ ಕರಡಿನಲ್ಲಿ ಕಾಂಗ್ರೆಸ್ಸಿಗೆ ಯುದ್ಧ ‘ಮಾಡುವ’ ಅಧಿಕಾರವೆಂದಿದ್ದುದನ್ನು ಯುದ್ಧ ‘ಘೋಷಿಸುವ’ ಅಧಿಕಾರವೆಂದು ತಿದ್ದಿದರು. ಹಠಾತ್ ದಾಳಿಯಾದಾಗ ಅಧ್ಯಕ್ಷನ ಕೈ ಕಟ್ಟಿರಬಾರದೆಂಬುದು ಅದರ ಉದ್ದೇಶವಾಗಿತ್ತು. ಆ ಸಣ್ಣ ಬಿರುಕು ಮುಂದೆ ಹೆಬ್ಬಾಗಿಲಾಯಿತು. ಕಾಂಗ್ರೆಸ್ ಕೊನೆಯ ಬಾರಿ ವಿಧ್ಯುಕ್ತವಾಗಿ ಯುದ್ಧ ಘೋಷಿಸಿದ್ದು 1942ರಲ್ಲಿ. 1950ರ ಕೊರಿಯಾ ಯುದ್ಧವೂ ವಿಯೆಟ್ನಾಂ ಯುದ್ಧವೂ ಘೋಷಣೆಯಿಲ್ಲದೆಯೇ ನಡೆದವು. ವಿಯೆಟ್ನಾಂ ಭಾಗದಲ್ಲಿ ಸೇನಾಬಲ ಬಳಸಲು ಅಧ್ಯಕ್ಷರಿಗೆ ಅನುಮತಿ ಕೊಟ್ಟ 1964ರ ಟಾಂಕಿನ್ ಕೊಲ್ಲಿ ನಿರ್ಣಯ ಕಾಂಗ್ರೆಸ್ಸಿನ ಕೆಳಮನೆಯಲ್ಲಿ ಒಂದೂ ವಿರೋಧ ಮತವಿಲ್ಲದೆ, ಮೇಲ್ಮನೆಯಾದ ಸೆನೆಟ್‌ನಲ್ಲಿ ಕೇವಲ 2 ವಿರೋಧ ಮತಗಳೊಡನೆ ಅಂಗೀಕಾರವಾಗಿ, ವರ್ಷಗಟ್ಟಲೆ ನಡೆದ ಯುದ್ಧಕ್ಕೆ ಸಮ್ಮತಿಪತ್ರವಾಗಿ ಬಳಕೆಯಾಯಿತು.

ಇದಕ್ಕೆ ಉತ್ತರವಾಗಿ ಬಂದದ್ದೇ 1973ರ ನವೆಂಬರ್ 7ರಂದು, ಅಧ್ಯಕ್ಷ ನಿಕ್ಸನ್ ಅವರ ವಿಟೋವನ್ನು, ಅಂದರೆ ಮಸೂದೆಯನ್ನು ತಡೆಯುವ ಅಧ್ಯಕ್ಷರ ನಿರಾಕರಣೆಯನ್ನು, ಎರಡೂ ಮನೆಗಳು ಮೂರನೇ ಎರಡರಷ್ಟು ಬಹುಮತದಿಂದ ಮೀರಿ ಜಾರಿಗೆ ತಂದ ಯುದ್ಧಾಧಿಕಾರ ನಿರ್ಣಯ. ನಮ್ಮಲ್ಲಿ ನಿರ್ಣಯವೆಂದರೆ ಗ್ರಾಮಸಭೆಯ ನಡಾವಳಿಯಲ್ಲಿ ಬರೆಯುವ ಠರಾವು ನೆನಪಾಗಬಹುದು. ಇದು ಹಾಗಲ್ಲ, ಪೂರ್ಣ ಕಾನೂನು. ಇದರ ಪ್ರಕಾರ ಸೇನೆಯನ್ನು ಕಾಳಗಕ್ಕೆ ಇಳಿಸಿದ 48 ಗಂಟೆಗಳೊಳಗೆ ಅಧ್ಯಕ್ಷರು ಕಾಂಗ್ರೆಸ್ಸಿಗೆ ಲಿಖಿತ ವರದಿ ಕೊಡಬೇಕು. ಅಲ್ಲಿಂದ 60 ದಿನಗಳೊಳಗೆ ಕಾಂಗ್ರೆಸ್ ಒಪ್ಪದಿದ್ದರೆ ಕಾರ್ಯಾಚರಣೆ ನಿಲ್ಲಬೇಕು. ಸೈನಿಕರನ್ನು ಸುರಕ್ಷಿತವಾಗಿ ಹಿಂದಕ್ಕೆ ಕರೆಸಿಕೊಳ್ಳಲು ಅಗತ್ಯವಿದ್ದರೆ ಇನ್ನೂ 30 ದಿನ ಸಿಗುತ್ತದೆ.

ನನ್ನ ದೃಷ್ಟಿಯಲ್ಲಿ ಈ ಕಾನೂನಿನ ಜೀವಾಳವಿರುವುದು ದಿನಗಳ ಎಣಿಕೆಯಲ್ಲಲ್ಲ, ಮೌನಕ್ಕೆ ಅದು ಕೊಟ್ಟ ಅರ್ಥದಲ್ಲಿ. ‘ಮೌನಂ ಸಮ್ಮತಿ ಲಕ್ಷಣಂ’ ಎಂಬುದು ನಮ್ಮ ಮನೆಮಾತಿನಷ್ಟೇ ಹಳೆಯ ನಂಬಿಕೆ. ಈ ಕಾನೂನು ಅದನ್ನು ತಲೆಕೆಳಗು ಮಾಡಿ, ಶಾಸಕಾಂಗ ಬಾಯಿ ಬಿಡದಿದ್ದರೆ ಅದು ಸಮ್ಮತಿಯಲ್ಲ, ನಿರಾಕರಣೆ ಎಂದಿತು. ಯುದ್ಧ ಬೇಕೆಂಬವರು ಎದ್ದುನಿಂತು ಮತ ಹಾಕಿ ಅದರ ಹೊಣೆ ಹೊರಬೇಕೆಂಬುದೇ ಇದರ ಆಶಯ.

ಆಶಯ ಪೂರ್ತಿ ಕೈಗೂಡಲಿಲ್ಲ. 2011ರಲ್ಲಿ ಲಿಬಿಯಾದ ಮೇಲಿನ ವಾಯುದಾಳಿ 60 ದಿನ ದಾಟಿದಾಗ, ನೆಲದ ಮೇಲೆ ಅಮೆರಿಕದ ಪಡೆಗಳಿಲ್ಲ, ಎದುರಿನಿಂದ ಗುಂಡಿನ ಉತ್ತರವೂ ಇಲ್ಲ, ಆದ್ದರಿಂದ ಇದು ಕಾನೂನು ಹೇಳುವ ‘ಕಾಳಗ’ವೇ ಅಲ್ಲವೆಂದು ಒಬಾಮ ಸರ್ಕಾರ ವಾದಿಸಿತು. ಒಂದು ಪದದ ವ್ಯಾಖ್ಯೆ ಬದಲಾದರೆ ಗಡುವೇ ಕರಗಿಹೋಗುತ್ತದೆ. ಇನ್ನು ಕಾಂಗ್ರೆಸ್ ತಾನಾಗಿ ಯುದ್ಧ ನಿಲ್ಲಿಸಲು ಹೊರಟರೂ ಅಧ್ಯಕ್ಷರ ವಿಟೋ ಅಡ್ಡ ಬರುತ್ತದೆ. 2019ರಲ್ಲಿ ಯೆಮನ್ ಕುರಿತು ಎರಡೂ ಮನೆಗಳು ಒಪ್ಪಿದ ನಿರ್ಣಯ ಹಾಗೆಯೇ ಬಿದ್ದುಹೋಯಿತು.

ಭಾರತದಲ್ಲಿ ಇಂಥ ಕಾನೂನಿಲ್ಲ. ಯುದ್ಧ ಮತ್ತು ಶಾಂತಿ ಕೇಂದ್ರಪಟ್ಟಿಯ 15ನೇ ವಿಷಯವಾದ್ದರಿಂದ ಸಂಸತ್ತು ಬೇಕೆಂದರೆ ಶಾಸನ ಮಾಡಬಹುದು. ಸಂವಿಧಾನದ 53ನೇ ವಿಧಿಯೂ ಸೇನೆಯ ಪರಮಾಧಿಕಾರವನ್ನು ರಾಷ್ಟ್ರಪತಿಯವರಲ್ಲಿ ಇಟ್ಟು, ಅದರ ಚಲಾವಣೆ ಕಾನೂನಿನಿಂದ ನಿಯಂತ್ರಿತವಾಗಬೇಕು ಎನ್ನುತ್ತದೆ. ಆದರೂ ಸೇನೆಯನ್ನು ಹೊರದೇಶಕ್ಕೆ ಕಳುಹಿಸುವ ಮುನ್ನ ಸಂಸತ್ತಿನ ಮತ ಪಡೆಯಬೇಕೆಂಬ ನಿಯಮವಿಲ್ಲ. ಬಜೆಟ್ ಮಂಜೂರಾತಿ, ಪ್ರಶ್ನೋತ್ತರ, ಅವಿಶ್ವಾಸ ನಿರ್ಣಯ ಇವೇ ಅದರ ಕೈಯಲ್ಲಿರುವ ಹಗ್ಗ. 1987ರ ಜುಲೈಯಲ್ಲಿ ಭಾರತ-ಶ್ರೀಲಂಕಾ ಒಪ್ಪಂದಕ್ಕೆ ಸಹಿ ಬಿದ್ದೊಡನೆ ಭಾರತದ ಶಾಂತಿಪಾಲನಾ ಪಡೆ ಶ್ರೀಲಂಕಾಕ್ಕೆ ಹೊರಟದ್ದು ಸರ್ಕಾರದ ತೀರ್ಮಾನದ ಮೇಲೆಯೇ. 1990ರ ಮಾರ್ಚ್‌ನಲ್ಲಿ ಅದು ಮರಳುವ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಸೈನಿಕರು ಅಲ್ಲಿ ಪ್ರಾಣ ಬಿಟ್ಟಿದ್ದರು.